ಎರಡು ಓವರುಗಳ ನಡುವೆ

ಕ್ರಿಕೆಟ್ಟಿನಲ್ಲಿ ಓವರಿಗೆ ಆರು ಚೆಂಡುಗಳು. ಆರನೆಯದು ಮುಗಿದೊಡನೆ ಆಟಗಾರರು ಸ್ಥಳ ಬದಲಾಯಿಸುವರು. ಅಷ್ಟು ಹೊತ್ತು ನೋಡತಕ್ಕದ್ದೇನೂ ಇರುವುದಿಲ್ಲ. ರೇಡಿಯೋ ಕಾಲದಲ್ಲಿ ವಿವರಣೆಗಾರರು ಆ ಅರೆ ನಿಮಿಷವನ್ನು ಹವೆಯ ವಿಚಾರ, ಹಳೆಯ ಪಂದ್ಯಗಳ ವಿಚಾರ ಹೇಳಿ ತುಂಬುತ್ತಿದ್ದರು. ಮೈದಾನದಲ್ಲಿ ಇಳಿದ ಪಾರಿವಾಳಕ್ಕೂ ಆಗ ಒಂದು ಮಾತು ಸಲ್ಲುತ್ತಿದ್ದಿತು. ದೂರದರ್ಶನ ಬಂದು, ಅದಕ್ಕೆ ವ್ಯಾಪಾರದ ಬುದ್ಧಿಯೂ ಬಂದ ಮೇಲೆ ಆ ಅರೆ ನಿಮಿಷಕ್ಕೆ ಬೆಲೆ ಕಟ್ಟಲಾಯಿತು. ಸಾಬೂನು ಬಂದಿತು, ಚಹಾ ಬಂದಿತು, ತಂಪು ಪಾನೀಯ ಬಂದಿತು. ಅವೆಲ್ಲ ಕೊಳ್ಳುವ ಪದಾರ್ಥಗಳು; ಬೇಕಾದರೆ ಕೊಂಡೇವು, ಬೇಡವಾದರೆ ಬಿಟ್ಟೇವು. ಆದರೆ ೨೦೧೮ರ ಸುಮಾರಿನಿಂದ ಭಾರತದ ಕ್ರಿಕೆಟ್ ಪ್ರಸಾರಗಳಲ್ಲಿ ಆ ಜಾಗಕ್ಕೆ ಬಂದು ಕುಳಿತ ಅತಿಥಿ ಬೇರೆ ಬಗೆಯವನು. ಅವನ ಗಂಟಿನಲ್ಲಿ ಸರಕೇ ಇರಲಿಲ್ಲ. ನಾವು ನೋಡುತ್ತಿದ್ದ ಆಟವನ್ನೇ ಅವನು ನಮಗೆ ಮಾರುತ್ತಿದ್ದನು.

ಅವನ ಮಾತಿನ ಧಾಟಿಯನ್ನು ಕೇಳಿ. “ನಿಮಗೆ ಕ್ರಿಕೆಟ್ಟು ಗೊತ್ತು. ಯಾವ ದಾಂಡಿಗ ಯಾವ ಮೈದಾನದಲ್ಲಿ ಹೊಡೆಯುತ್ತಾನೆ, ಸಂಜೆಯ ಇಬ್ಬನಿಯಲ್ಲಿ ಯಾರ ಚೆಂಡು ತಿರುಗುವುದಿಲ್ಲ, ಎಲ್ಲವನ್ನೂ ಬಲ್ಲಿರಿ. ಇಷ್ಟು ವಿದ್ಯೆಯನ್ನು ಸುಮ್ಮನೆ ಏಕೆ ಇಟ್ಟುಕೊಂಡಿದ್ದೀರಿ?” ಇದಕ್ಕಿಂತ ಸಿಹಿಯಾದ ಮಾತುಂಟೆ? ತನಗೆ ಕ್ರಿಕೆಟ್ಟು ತಿಳಿಯದೆಂದು ಒಪ್ಪಿಕೊಳ್ಳುವ ಗಂಡಸು ನಮ್ಮ ಮನೆಗಳಲ್ಲಿ ಇನ್ನು ಹುಟ್ಟಬೇಕು. ಲಾಟರಿ ಚೀಟಿ ಮಾರುವವನು ‘ನಿಮ್ಮ ಅದೃಷ್ಟ ನೋಡಿ’ ಎನ್ನುತ್ತಿದ್ದನು. ಅದೃಷ್ಟವನ್ನು ನಂಬದವನು ಪಕ್ಕಕ್ಕೆ ಸರಿದು ಹೋಗಬಹುದಾಗಿತ್ತು. ಈತನಾದರೋ ‘ನಿಮ್ಮ ಬುದ್ಧಿ ನೋಡಿ’ ಎಂದನು. ಬುದ್ಧಿಯ ವಿಷಯದಲ್ಲಿ ಪಕ್ಕಕ್ಕೆ ಸರಿಯುವವರು ಯಾರು?

ಆಟದ ಕ್ರಮವನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ಆ ದಿನ ಆಡುವ ಎರಡು ತಂಡಗಳಿಂದ ಹನ್ನೊಂದು ಮಂದಿಯನ್ನು ಆರಿಸಿ ಮೊಬೈಲಿನಲ್ಲಿ ತನ್ನದೊಂದು ತಂಡವನ್ನು ಕಟ್ಟಬೇಕು. ಪ್ರತಿ ಆಟಗಾರನಿಗೂ ಒಂದು ಬೆಲೆಯಿರುತ್ತದೆ. ಹನ್ನೊಂದು ಮಂದಿಯ ಒಟ್ಟು ಬೆಲೆ ೧೦೦ನ್ನು ಮೀರಕೂಡದು. ಅವರು ಮೈದಾನದಲ್ಲಿ ಗಳಿಸಿದ ಓಟ, ಉರುಳಿಸಿದ ವಿಕೆಟ್ಟು, ಹಿಡಿದ ಕ್ಯಾಚುಗಳಿಗೆ ಅಂಕಗಳು. ನಾಯಕನೆಂದು ಆರಿಸಿದವನ ಅಂಕ ಎರಡರಷ್ಟು, ಉಪನಾಯಕನದು ಒಂದೂವರೆಯಷ್ಟು. ಸೇರುವುದಕ್ಕೆ ೨೦೨೫ರವರೆಗೆ ಶುಲ್ಕವಿದ್ದಿತು. ದೊಡ್ಡ ಪಂದ್ಯಗಳಿಗೂ ಅದು ಐವತ್ತು ರೂಪಾಯಿಯ ಆಸುಪಾಸಿನಲ್ಲಿದ್ದಿತು, ಒಂದು ಊಟದ ಖರ್ಚು. ಕೂಡಿದ ಹಣದಲ್ಲಿ ಕಂಪೆನಿ ತನ್ನ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡು ಉಳಿದುದನ್ನು ಬಹುಮಾನವಾಗಿ ಹಂಚುತ್ತಿದ್ದಿತು. ಯಾವ ತಂಡ ಗೆದ್ದರೂ, ಯಾವ ತಂಡ ಸೋತರೂ, ಮಳೆಯಿಂದ ಅರ್ಧ ಆಟವೇ ಕೊಚ್ಚಿಹೋದರೂ ಆ ಪಾಲಿಗೆ ಚ್ಯುತಿಯಿರಲಿಲ್ಲ.

ಇದರಲ್ಲಿ ಕೌಶಲವೇ ಇಲ್ಲವೆನ್ನುವುದು ನ್ಯಾಯವಾಗದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಚಿಕ್ಕದು, ಅಲ್ಲಿ ಚೆಂಡು ಬೇಗನೆ ಬೇಲಿ ಮುಟ್ಟುವುದೆಂದು ತಿಳಿದವನು ತಿಳಿಯದವನಿಗಿಂತ ಮೇಲಾಗಿ ತಂಡ ಕಟ್ಟುವನು. ಹತ್ತು ಮಂದಿ ಸ್ನೇಹಿತರ ನಡುವೆಯಾದರೆ ವರ್ಷದ ಕೊನೆಯಲ್ಲಿ ಅವನೇ ಮುಂದಿರುವನು. ಆದರೆ ಜಾಹೀರಾತು ನಮ್ಮನ್ನು ಕರೆದದ್ದು ಹತ್ತು ಮಂದಿಯ ಕೂಟಕ್ಕಲ್ಲ. ಲಕ್ಷಾಂತರ ಮಂದಿ ಒಟ್ಟಿಗೆ ಇಳಿಯುವ ಅಖಾಡಕ್ಕೆ. ಅಲ್ಲಿ ಒಬ್ಬನೇ ಹತ್ತಾರು ತಂಡಗಳನ್ನು ಇಳಿಸಬಹುದಾಗಿತ್ತು. ಎಲ್ಲರಿಗೂ ಗೊತ್ತಿರುವ ಆಟಗಾರರನ್ನೇ ಎಲ್ಲರೂ ಆರಿಸಿರುವಾಗ, ಕೋಟಿ ರೂಪಾಯಿಯ ಮೊದಲ ಬಹುಮಾನವನ್ನು ನಿರ್ಧರಿಸುತ್ತಿದ್ದುದು ಒಂಬತ್ತನೆಯವನಾಗಿ ಬಂದ ಯಾವನೋ ದಾಂಡಿಗನ ಅಂಚಿಗೆ ತಗುಲಿ ಗಡಿ ದಾಟಿದ ಚೆಂಡು. ಆ ಚೆಂಡನ್ನು ಕೌಶಲವೆಂದು ಕರೆಯಲು ಎದೆಗಾರಿಕೆ ಬೇಕು. ಪರದೆಯ ಮೇಲೆ ಕಾಣಿಸುತ್ತಿದ್ದವನು ಆ ಒಬ್ಬ ಗೆದ್ದವನು ಮಾತ್ರ.

‘ಕೌಶಲ’ವೆಂಬ ಈ ಮಾತಿಗೆ ಒಂದು ಚರಿತ್ರೆಯುಂಟು, ಅದರಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವುಂಟು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪತ್ರಿಕೆಗಳ ಬಹುಮಾನ ಪದಬಂಧಗಳ ಹುಚ್ಚು ಊರೂರನ್ನು ಹಿಡಿದಿತ್ತು. ಚಾಮರ್‌ಬಾಗ್‌ವಾಲಾ ಎಂಬವರು ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಮೂಲಕ ಇಂಥ ಸ್ಪರ್ಧೆ ನಡೆಸುತ್ತಿದ್ದರು. ಪತ್ರಿಕೆ ಅಚ್ಚಾಗುತ್ತಿದ್ದುದು ಬೆಂಗಳೂರಿನಲ್ಲಿ, ಅಂದಿನ ಮೈಸೂರು ರಾಜ್ಯದಲ್ಲಿ. ಹೇರಳವಾಗಿ ಖರ್ಚಾಗುತ್ತಿದ್ದುದು ಮುಂಬಯಿ ಪ್ರಾಂತದಲ್ಲಿ. ಮುಂಬಯಿ ಸರಕಾರದ ೧೯೪೮ರ ಕಾಯಿದೆಯ ಕೈ ಹೊರಗೆ ಅಚ್ಚಾಗುವ ಪತ್ರಿಕೆಯನ್ನು ಮುಟ್ಟುತ್ತಿರಲಿಲ್ಲ. ೧೯೫೨ರಲ್ಲಿ ಅದನ್ನು ತಿದ್ದಿ ಕೈಯನ್ನು ಉದ್ದ ಮಾಡಲಾಯಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. (ಪತ್ರಿಕೆಗಳೂ ಈ ವಿಷಯದಲ್ಲಿ ಶುದ್ಧಹಸ್ತವಲ್ಲವೆಂಬುದನ್ನು ಪತ್ರಿಕೆಯಲ್ಲಿ ಬರೆಯುವವನೇ ಹೇಳುವುದು ಮೇಲು.)

೧೯೫೭ನೆಯ ಇಸವಿ ಏಪ್ರಿಲ್ ೯ರಂದು ತೀರ್ಪು ಹೊರಬಿದ್ದಿತು. ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ಧರ್ಮಶಾಸ್ತ್ರಗಳನ್ನೂ ಸ್ಮರಿಸಿ, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ಸಾರಿದರು. ನಡೆಸುವವರು ಮೊದಲೇ ಸಿದ್ಧಪಡಿಸಿಟ್ಟುಕೊಂಡ ಉತ್ತರಕ್ಕೆ ತಾಳೆಯಾಗಬೇಕಾದ ಪದಬಂಧವು ವಿದ್ಯೆಯ ಪರೀಕ್ಷೆಯಲ್ಲ, ಊಹೆಯ ಪಣ. ಇದು ಒಂದು ಕಡೆ. ಅದೇ ದಿನ, ಅದೇ ಚಾಮರ್‌ಬಾಗ್‌ವಾಲಾ ಅವರ ಇನ್ನೊಂದು ಮೊಕದ್ದಮೆಯಲ್ಲಿ, ಕೇಂದ್ರ ಸರಕಾರದ ೧೯೫೫ರ ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ಕುರಿತು ಕೋರ್ಟು ಬೇರೊಂದು ಮಾತು ಹೇಳಿತು: ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿರುವ ಸ್ಪರ್ಧೆಗಳಿಗೆ ಆ ನಿಷೇಧ ತಗಲದು. ಮುಂಬಾಗಿಲಿಗೆ ಅಗುಳಿ ಹಾಕಿದ ದಿನವೇ ಹಿತ್ತಿಲ ಬಾಗಿಲು ತೆರೆದುಕೊಂಡಿತು. ನ್ಯಾಯಾಧೀಶರ ತಪ್ಪೇನೂ ಇಲ್ಲ. ಅವರ ಮುಂದಿದ್ದುದು ಅಂಚೆಯಲ್ಲಿ ಬರುವ ಚೀಟಿಗಳು. ಜೇಬಿನಲ್ಲೇ ಕುಳಿತು ಓವರಿಗೊಮ್ಮೆ ಕರೆಯುವ ಯಂತ್ರವಲ್ಲ.

ಹಿತ್ತಿಲ ಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಬಂದರು. ೧೯೬೮ರಲ್ಲಿ ಇಸ್ಪೀಟಿನ ರಮ್ಮಿ ಮುಖ್ಯವಾಗಿ ಕೌಶಲದ ಆಟವೆನಿಸಿತು. ೧೯೯೬ರಲ್ಲಿ ಕುದುರೆ ಜೂಜು ಜೂಜಲ್ಲವೆಂದಾಯಿತು. ೨೦೧೭ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಡ್ರೀಮ್ ಇಲೆವೆನ್ ಕಂಪೆನಿಯ ತಂಡ ಕಟ್ಟುವ ಆಟಕ್ಕೂ ಅದೇ ಪ್ರಶಸ್ತಿ ಕೊಟ್ಟಿತು. ಮರುವರ್ಷ ಮಹೇಂದ್ರ ಸಿಂಗ್ ಧೋನಿಯವರೇ ಅದರ ಪ್ರಚಾರಕ್ಕೆ ನಿಂತರು. ೨೦೨೦ರಲ್ಲಿ ಆ ಕಂಪೆನಿ ೨೨೨ ಕೋಟಿ ರೂಪಾಯಿ ತೆತ್ತು ಐ.ಪಿ.ಎಲ್. ಪಂದ್ಯಾವಳಿಗೆ ತನ್ನ ಹೆಸರನ್ನೇ ಇಟ್ಟಿತು. ೨೦೨೩ರಲ್ಲಿ ಭಾರತ ತಂಡದ ಅಂಗಿಯ ಎದೆಯ ಮೇಲೆ ಏರಿತು. ದೇಶದ ಹೆಸರಿಗೂ ಅದಕ್ಕೂ ನಡುವೆ ಒಂದು ಗೇಣು ಅಂತರವಿದ್ದೀತು.

ನಮ್ಮ ರಾಜ್ಯ ಸುಮ್ಮನಿದ್ದಿತೆಂದಲ್ಲ. ೨೦೦೭ರಲ್ಲಿ ಲಾಟರಿಯನ್ನು ನಿಲ್ಲಿಸಿದ ಕರ್ನಾಟಕ, ೨೦೨೧ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಕಾರಣ ಮತ್ತದೇ: ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗದು.

ಇವರಾದರೂ ತಮ್ಮ ಸ್ವಂತ ಹೆಸರಿನಲ್ಲಿ ಬಂದವರು. ಇವರ ಹಿಂದೆಯೇ ಬಂದ ಇನ್ನೊಂದು ಪಂಗಡವಿದೆ. ಅವರು ಹೊರದೇಶಗಳಲ್ಲಿ ಕುಳಿತು, ನಮ್ಮ ಕಾನೂನನ್ನು ಲೆಕ್ಕಿಸದೆ, ನೇರವಾಗಿ ಬಾಜಿ ಕಟ್ಟಿಸಿಕೊಳ್ಳುವ ಸಂಸ್ಥೆಗಳವರು. ಅವರ ಹೆಸರನ್ನು ಇಲ್ಲಿ ಪ್ರಚಾರ ಮಾಡಲಾಗದು. ಆದುದರಿಂದ ಅದೇ ಹೆಸರಿಗೆ ‘ನ್ಯೂಸ್’ ಎಂಬ ಬಾಲ ಅಂಟಿಸಿ, ಕ್ರೀಡಾ ಸುದ್ದಿಯ ತಾಣವೆಂಬ ವೇಷದಲ್ಲಿ ಪರದೆಯ ಮೇಲೆ ಬಂದರು. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಬಣ್ಣ ಹಚ್ಚುವುದಕ್ಕೆ ತಾಸುಗಟ್ಟಲೆ ಕೂರುತ್ತಾನೆ. ಇವರಿಗೆ ಒಂದು ಪದ ಸಾಕಾಯಿತು. ಸಾರಾಯಿ ಕಂಪೆನಿಗಳು ಸೋಡಾದ ಹೆಸರಿನಲ್ಲಿ ಬರುವ ಹಳೆಯ ಉಪಾಯವೇ ಸರಿ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆ ೨೦೨೨ರ ಜೂನಿನಲ್ಲಿ ಎಚ್ಚರಿಕೆ ಕೊಟ್ಟಿತು. ಸುದ್ದಿ ತಾಣದ ಚಿಹ್ನೆಯೂ ಬಾಜಿ ತಾಣದ ಚಿಹ್ನೆಯೂ ಒಂದೇ ತೆರನಾಗಿರುವುದನ್ನು ಅಕ್ಟೋಬರಿನಲ್ಲಿ ಎತ್ತಿ ತೋರಿಸಿತು. ೨೦೨೩ರಲ್ಲಿ ಮತ್ತೆ ಎರಡು ಸಲ ಹೇಳಿತು. ಹೇಳಿದ್ದನ್ನೇ ಹೇಳಬೇಕಾಗಿ ಬಂದುದರಿಂದ ಕೇಳಿದವರ ಕಿವಿ ಎಂಥದಿತ್ತೆಂದು ಊಹಿಸಬಹುದು.

ಎಚ್ಚರಿಕೆಯ ಮಾತು ಜಾಹೀರಾತಿನಲ್ಲಿಯೇ ಇರುತ್ತಿತ್ತಲ್ಲವೆ ಎಂದು ಕೆಲವರು ಕೇಳುವರು. ಇರುತ್ತಿತ್ತು. ಈ ಆಟದಲ್ಲಿ ಹಣದ ಅಪಾಯವಿದೆ, ಇದು ಚಟವಾಗಬಹುದು, ಹೊಣೆಯರಿತು ಆಡಿ ಎಂದು ಕೊನೆಯಲ್ಲಿ ಹೇಳತಕ್ಕದ್ದೆಂದು ಜಾಹೀರಾತು ಉದ್ಯಮದ ಸ್ವಂತ ಗುಣಮಟ್ಟ ಮಂಡಲಿ ೨೦೨೦ರ ಡಿಸೆಂಬರಿನಿಂದ ವಿಧಿಸಿತ್ತು. ಸಾಮಾನ್ಯ ಮಾತಿನ ವೇಗದಲ್ಲಿ ಹೇಳಬೇಕೆಂಬುದೂ ಆ ವಿಧಿಯಲ್ಲಿಯೇ ಇದ್ದಿತು. ಪರದೆಯಿಂದ ಕೇಳಿಬರುತ್ತಿದ್ದ ಆ ವಾಕ್ಯದ ವೇಗವನ್ನು ವಾಚಕರು ನೆನಪಿಸಿಕೊಳ್ಳಲಿ. ನಮ್ಮ ಪುರೋಹಿತರು ಹಸಿವಾದಾಗ ಹೇಳುವ ಸಂಕಲ್ಪವೂ ಅದಕ್ಕಿಂತ ಸ್ಪಷ್ಟವಾಗಿರುತ್ತದೆ.

ಈ ಪೇಚಾಟ ನಮ್ಮದೊಂದೇ ದೇಶದ್ದಲ್ಲ. ಬಾಜಿ ಕಟ್ಟುವುದು ಕಾನೂನಿಗೆ ಒಪ್ಪಿತವಾಗಿರುವ ಇಂಗ್ಲೆಂಡಿನಲ್ಲಿ ೨೦೦೭ರಿಂದ ಬಾಜಿ ಕಂಪೆನಿಗಳಿಗೆ ದೂರದರ್ಶನದ ಬಾಗಿಲು ಅಗಲವಾಗಿ ತೆರೆಯಿತು. ಜನರ ಆಕ್ಷೇಪಣೆ ಹೆಚ್ಚಿದಾಗ ಕಂಪೆನಿಗಳು ೨೦೧೯ರಲ್ಲಿ ತಾವಾಗಿಯೇ ಒಂದು ವ್ರತ ತೊಟ್ಟವು: ರಾತ್ರಿ ಒಂಬತ್ತಕ್ಕೆ ಮುಂಚಿನ ನೇರ ಪ್ರಸಾರಗಳಲ್ಲಿ, ಆಟ ಆರಂಭವಾಗುವ ಐದು ನಿಮಿಷ ಮೊದಲಿನಿಂದ ಮುಗಿದ ಐದು ನಿಮಿಷದವರೆಗೆ ಬಾಜಿಯ ಜಾಹೀರಾತಿಲ್ಲ. ವ್ರತ ಚೆನ್ನಾಗಿಯೇ ಇತ್ತು. ಆದರೆ ವಿರಾಮದ ಜಾಹೀರಾತು ನಿಂತರೂ ಅದೇ ಕಂಪೆನಿಗಳ ಹೆಸರು ಹೊತ್ತ ಅಂಗಿಗಳು ತೊಂಬತ್ತು ನಿಮಿಷವೂ ಮೈದಾನದಲ್ಲಿ ಓಡಾಡುತ್ತಿದ್ದವು. ಅಂಗಿಯ ಎದೆಯಿಂದ ಆ ಹೆಸರುಗಳನ್ನು ೨೦೨೫-೨೬ರ ಋತು ಮುಗಿದ ಮೇಲೆ ತೆಗೆಯುವುದಾಗಿ ಪ್ರೀಮಿಯರ್ ಲೀಗಿನ ಫುಟ್‌ಬಾಲ್ ಕ್ಲಬ್ಬುಗಳು ೨೦೨೩ರಲ್ಲಿ ಒಪ್ಪಿದವು. ತೋಳಿನ ವಿಚಾರವನ್ನು ಆ ಒಪ್ಪಂದ ಎತ್ತಲಿಲ್ಲ. ಇಟಲಿಯವರು ಇಷ್ಟು ನಯ ನಾಜೂಕು ಮಾಡದೆ ೨೦೧೮ರ ಶಾಸನದಿಂದ ಜೂಜಿನ ಜಾಹೀರಾತನ್ನೇ ನಿಷೇಧಿಸಿದ್ದರು.

ನಮ್ಮಲ್ಲಿ ೨೦೨೫ರ ಆಗಸ್ಟಿನಲ್ಲಿ ಎಲ್ಲವೂ ಮೂರೇ ದಿನಗಳಲ್ಲಿ ನಡೆದುಹೋಯಿತು. ೨೦ರಂದು ಲೋಕಸಭೆ, ೨೧ರಂದು ರಾಜ್ಯಸಭೆ, ೨೨ರಂದು ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು, ಅದು ಕೌಶಲದ್ದಾಗಿರಲಿ ಅದೃಷ್ಟದ್ದಾಗಿರಲಿ, ಈ ಕಾಯಿದೆ ನಿಷೇಧಿಸಿತು. ಆಡಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆ, ೫೦ ಲಕ್ಷದವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಅವನನ್ನು ನೊಂದವನೆಂದು ಎಣಿಸಲಾಯಿತು. ಈ ಆಟಗಳಿಂದ ೪೫ ಕೋಟಿ ಜನರಿಗೆ ಬಾಧೆಯಾಗಿದೆ, ೨೦,೦೦೦ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆಯೆಂಬುದು ಸರಕಾರವೇ ಕೊಟ್ಟ ಅಂದಾಜು. ಡ್ರೀಮ್ ಇಲೆವೆನ್ ಹಣದ ಆಟವನ್ನು ನಿಲ್ಲಿಸಿತು, ತಂಡದ ಅಂಗಿಯಿಂದಲೂ ಇಳಿಯಿತು. ಸೆಪ್ಟೆಂಬರಿನ ಏಷ್ಯಾ ಕಪ್ ಪಂದ್ಯಗಳನ್ನು ನಮ್ಮವರು ಪ್ರಾಯೋಜಕರ ಹೆಸರಿಲ್ಲದ ಅಂಗಿ ತೊಟ್ಟು ಆಡಿದರು, ಗೆದ್ದರು ಕೂಡ. ಆ ತಿಂಗಳೇ ಒಂದು ಟೈರು ಕಂಪೆನಿ ೫೭೯ ಕೋಟಿ ರೂಪಾಯಿಗೆ ಆ ಜಾಗವನ್ನು ಹಿಡಿಯಿತು. ಜೂಜಿನ ದುಡ್ಡಿಲ್ಲದೆ ಕ್ರಿಕೆಟ್ಟು ಬಡವಾಗುವುದೆಂದು ಮರುಗುತ್ತಿದ್ದವರು ಈ ಮೊಬಲಗನ್ನು ಕಂಡು ಸಮಾಧಾನಪಟ್ಟಿರಬೇಕು. ಕಾಯಿದೆಯ ವಿರುದ್ಧದ ಮೊಕದ್ದಮೆಗಳಲ್ಲಿ ಒಂದು ನಮ್ಮ ಹೈಕೋರ್ಟಿನಲ್ಲಿಯೂ ಹೂಡಲ್ಪಟ್ಟಿತ್ತು; ಅವೆಲ್ಲ ಸುಪ್ರೀಂ ಕೋರ್ಟಿಗೆ ವರ್ಗವಾದವು. ೧೯೫೭ರ ಆ ‘ಕೌಶಲ’ ಮತ್ತೆ ಕಟಕಟೆಗೆ ಬಂದಂತಾಯಿತು.

ಕಾಯಿದೆಯ ಲೆಕ್ಕ ಹಾಗಿರಲಿ. ಈ ಏಳೆಂಟು ವರ್ಷಗಳ ಜಾಹೀರಾತು ನಮ್ಮ ಹಜಾರಗಳಲ್ಲಿ ಏನು ಮಾಡಿತೆಂಬುದನ್ನು ಹೇಳಬೇಕು. ಮನೆಯವರೆಲ್ಲ ಒಂದು ಪಕ್ಷವಾಗಿ ಕುಳಿತು ಪಂದ್ಯ ನೋಡುವ ಪದ್ಧತಿಯಿತ್ತು. ಬೆಂಗಳೂರಿನ ತಂಡ ಸೋತರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಊಟ ಸೇರುತ್ತಿರಲಿಲ್ಲ. ಈಗ ಮನೆಯ ಮಗ ಮೂಲೆಯ ಕುರ್ಚಿಯಲ್ಲಿ ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಮೊಬೈಲಿನ ಮೇಲೆ ಇಟ್ಟು ಕುಳಿತಿರುತ್ತಾನೆ. ಕೆ. ಎಲ್. ರಾಹುಲ್ ಶತಕ ಹೊಡೆದಾಗ ಮನೆಯೆಲ್ಲ ಚಪ್ಪಾಳೆ ತಟ್ಟಿದರೆ ಇವನ ಮೋರೆ ಸಪ್ಪಗಾಗುತ್ತದೆ. ಏಕೆಂದರೆ ಇವನು ನಾಯಕನಾಗಿ ಆರಿಸಿದ್ದುದು ಎದುರು ತಂಡದ ಬೌಲರನನ್ನು. ತಾಯಿ ಕೇಳಿದರೆ ತಲೆನೋವೆನ್ನುತ್ತಾನೆ. ನಡುರಾತ್ರಿ ಎದ್ದು ವೆಸ್ಟ್ ಇಂಡೀಸಿನ ಯಾವುದೋ ದ್ವೀಪದ ತಂಡಗಳ ಆಟವನ್ನು ಸದ್ದಡಗಿಸಿ ನೋಡುತ್ತಾನೆ. ಆ ತಂಡಗಳ ಹೆಸರು ತಿಂಗಳ ಹಿಂದೆ ಅವನಿಗೇ ಗೊತ್ತಿರಲಿಲ್ಲ.

ಕಾಯಿದೆ ಬಂದಿತೆಂದು ಇಂಥ ಹುಡುಗನ ತಾಯಿತಂದೆಗಳು ನಿಶ್ಚಿಂತರಾಗಿರಲಾಗದು. ಊರೊಳಗಿನ ಅಂಗಡಿ ಮುಚ್ಚಿದರೆ ಹೊರದೇಶದ ‘ನ್ಯೂಸ್’ ವೇಷದವನು ಹತ್ತಿರವೇ ಇದ್ದಾನೆ. ಅವನ ಗಲ್ಲಾ ಪೆಟ್ಟಿಗೆ ನಮ್ಮ ಪೊಲೀಸರ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಪಾವತಿಯ ಪಟ್ಟಿಯಲ್ಲಿ ಐವತ್ತು, ನೂರು, ಇನ್ನೂರರ ಸಣ್ಣ ಮೊತ್ತಗಳು ಪಂದ್ಯದ ದಿನಗಳಂದೇ ಸಾಲಾಗಿ ಕಾಣಿಸುತ್ತಿದ್ದರೆ, ಆಮೇಲೆ ಅವು ಐನೂರು, ಸಾವಿರಕ್ಕೆ ಏರಿದ್ದರೆ, ಮುಚ್ಚಿಡದೆ ಮಗನೊಡನೆ ಕೂತು ಮಾತನಾಡಬೇಕು. ಗದರಿಸಿದರೆ ಸಾಲದ ಲೆಕ್ಕ ಹೊರಗೆ ಬಾರದು. ಹಣ ಎಷ್ಟು ಹೋಯಿತೆಂದು ಕೇಳುವುದಕ್ಕೆ ಮುಂಚೆ ಯಾರಿಗೆ ಕೊಡಬೇಕಾಗಿದೆಯೆಂದು ಕೇಳುವುದು ಲೇಸು. ಸ್ನೇಹಿತರ ಕೈಸಾಲ, ಮೊಬೈಲಿನಲ್ಲೇ ಕೊಡುವವರ ಬಡ್ಡಿ ಸಾಲ, ಎರಡೂ ಇದ್ದಾವು. ಚಟ ಬಲವಾಗಿದ್ದರೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲ್ ಮತ್ತು ಅಂತರಜಾಲದ ಚಟಗಳಿಗೆಂದೇ ೨೦೧೪ರಲ್ಲಿ ಒಂದು ಚಿಕಿತ್ಸಾ ವಿಭಾಗ ತೆರೆದಿದ್ದಾರೆ. ಅಲ್ಲಿಗೆ ಕರೆದುಕೊಂಡು ಹೋಗಲು ನಾಚಬೇಕಾದುದಿಲ್ಲ.