160 ಚದರಡಿಯ ಆಳ

ಮನೆ ಮಾರುವ ಜಾಹೀರಾತುಗಳಲ್ಲಿ ಮುಂಬೈಯ ಯಾವ ಖೋಲಿಯೂ ಚಿಕ್ಕದಲ್ಲ. ಅಗಲ ಕೋನದ ಲೆನ್ಸು, ನಾಲ್ಕಾರು ಚಿತ್ರಗಳ ಹೊಲಿಗೆ ಇದ್ದರಾಯಿತು, ಬಾಗಿಲು ತೆರೆದರೆ ಮಂಚಕ್ಕೆ ತಾಗುವ ಕೋಣೆಯೂ ಮದುವೆ ಹಾಲಿನಂತೆ ಕಾಣುತ್ತದೆ. ಇದನ್ನು ನೋಡಿ ನಕ್ಕು ಸುಮ್ಮನಾಗಬಹುದು. ಆದರೆ ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗದ ಬಿಡಿಡಿ ಚಾಳ್‌ಗಳನ್ನು ಕೆಡಹುವ ಮುನ್ನ ದಾಖಲಿಸಲು ಹೊರಟವರೂ ಇದೇ ಚಪ್ಪಟೆ ಪನೋರಮಾವನ್ನು ನೆಚ್ಚಿಕೊಂಡರೆ ನಗು ಬರುವುದಿಲ್ಲ.

1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ ಈ ಕಟ್ಟಡಗಳಲ್ಲಿ ಒಂದು ಸಂಸಾರಕ್ಕೆ ಸಿಕ್ಕಿದ್ದು 160 ಚದರಡಿ. ನಡುವೆ ಉದ್ದನೆಯ ಕಾರಿಡಾರು, ಎರಡೂ ಬದಿ ಬಾಗಿಲುಗಳು, ಎಲ್ಲರಿಗೂ ಸೇರಿದ ಶೌಚಾಲಯ. ಮ್ಹಾಡಾ ಈಗ ಆ ಜಾಗದಲ್ಲಿ 500 ಚದರಡಿಯ ಫ್ಲ್ಯಾಟುಗಳನ್ನು ಕಟ್ಟುತ್ತಿದೆ. 2025ರ ಆಗಸ್ಟಿನಲ್ಲಿ ವರ್ಲಿಯ ಮೊದಲ ಕಂತಿನವರಿಗೆ ಬೀಗದ ಕೈ ಕೊಟ್ಟದ್ದೂ ಆಯಿತು. ಹೋಗುವವರು ಸಂತೋಷವಾಗಿಯೇ ಹೋಗಲಿ. ಶೌಚಾಲಯದ ಸರದಿಯನ್ನು ನೆನೆದು ಹಳಹಳಿಸುವುದು ಹೊರಗಿನವರ ಚಟ. ನನ್ನ ತಕರಾರು ಇಷ್ಟೇ: ಇಕ್ಕಟ್ಟು ದಾಖಲೆಯಲ್ಲೂ ಇಕ್ಕಟ್ಟಾಗಿಯೇ ಉಳಿಯಬೇಕು. ಅದಕ್ಕೆ ಎರಡು ಕಣ್ಣಿನ ಪನೋರಮಾ ಬೇಕು.

ತೊಡಕಿರುವುದೂ ಅಲ್ಲೇ. ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದ ಚಿತ್ರಗಳು ಗುರುತು ಸಿಗದಂತೆ ಕೂಡಬೇಕಾದರೆ ಕ್ಯಾಮೆರಾ ತನ್ನ ಲೆನ್ಸಿನೊಳಗಿನ ಒಂದು ಬಿಂದುವಿನ ಸುತ್ತಲೇ ತಿರುಗಬೇಕು. ಹತ್ತಿರದ ಸ್ಟೌ ಹಿಂದಿನ ಕಿಟಕಿಯ ಎದುರು ಒಂದಿಷ್ಟೂ ಸರಿಯಕೂಡದು. ಆಳ ಕಾಣುವುದೋ ಆ ಸರಿಯುವಿಕೆಯಿಂದಲೇ, ನಮ್ಮ ಕಣ್ಣುಗಳ ನಡುವಿನ ಸುಮಾರು 6.5 ಸೆಂಟಿಮೀಟರ್ ಅಂತರದಿಂದ. ಹೊಲಿಗೆಗೆ ಬೇಡವಾದದ್ದೇ ಆಳಕ್ಕೆ ಬೇಕು. 1999ರಲ್ಲಿ ಶ್ಮುಯೆಲ್ ಪೆಲೆಗ್ ಮತ್ತು ಮೋಶೆ ಬೆನ್-ಎಜ್ರಾ ಒಂದೇ ಕ್ಯಾಮೆರಾದ ಉಪಾಯ ತೋರಿಸಿದರು. ಕ್ಯಾಮೆರಾವನ್ನು ಅಕ್ಷದಿಂದ ತುಸು ಹೊರಗಿಟ್ಟು ಸುತ್ತು ಹಾಕಿಸುವುದು; ಪ್ರತಿ ಚಿತ್ರದ ಎಡಬದಿಯ ಸೀಳುಗಳನ್ನು ಸಾಲಾಗಿ ಜೋಡಿಸಿದರೆ ಬಲಗಣ್ಣಿನ ನೋಟ, ಬಲಬದಿಯವನ್ನು ಜೋಡಿಸಿದರೆ ಎಡಗಣ್ಣಿನದು. ಎರಡು ಕ್ಯಾಮೆರಾ ಬಳಸುವುದಾದರೆ ಎಡ ಬಲಗಳನ್ನು ತಂತ್ರಾಂಶ ತನಗೆ ತೋಚಿದಂತೆ ಬೇರೆ ಬೇರೆಯಾಗಿ ಬಗ್ಗಿಸಲು ಬಿಡಬಾರದು. ಒಂದು ಚಿತ್ರ ತುಸು ಮೇಲೆ ಹೋದರೂ ನೋಡುವವರಿಗೆ ತಲೆನೋವು. (ಅನುವಾದದಿಂದ ಹೊಟ್ಟೆ ಹೊರೆಯುವ ನನಗೆ ಇದು ಪರಿಚಿತ ಕಷ್ಟ. ಎರಡು ಪಠ್ಯಗಳ ನಡುವಿನ ವ್ಯತ್ಯಾಸವನ್ನೆಲ್ಲ ತಪ್ಪೆಂದು ತಿದ್ದುವ ಸಂಪಾದಕರಿದ್ದಾರೆ.) ಚಾಳಿನ ಖೋಲಿಯಲ್ಲಿ ಎಲ್ಲವೂ ಕೈಗೆಟಕುವಷ್ಟು ಹತ್ತಿರವಾದ್ದರಿಂದ ಹೊಲಿಗೆ ಬಿಡುವುದೂ ಹೆಚ್ಚು. ಸೀಳು ತೆಳುವಾಗಬೇಕು, ಚಿತ್ರಗಳು ನೂರಾರು ಬೇಕು, ಅಷ್ಟು ಹೊತ್ತು ಮಕ್ಕಳು ಓಡಾಡಬಾರದು.

ಲೇಸರ್ ಅಳತೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಗೋಡೆ ಎಷ್ಟು ದೂರ ಎಂದು ಅದು ಹೇಳುತ್ತದೆ, ಗೋಡೆ ಮೈಮೇಲೆ ಬಂದಂತಾಗುವುದನ್ನು ಹೇಳುವುದಿಲ್ಲ.

ಸ್ಮಾರಕಗಳಿಗಾದರೆ ಈ ಶ್ರಮ ಎಂದೋ ಸಂದಿದೆ. ಜಾನ್ ಗೋಲಿಂಗ್ಸ್ ಹಂಪಿಯಲ್ಲಿ ತೆಗೆದ ಸ್ಟೀರಿಯೊ ಪನೋರಮಾಗಳಿಂದ ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ 2006ರಲ್ಲೇ ‘ಪ್ಲೇಸ್-ಹಂಪಿ’ ಪ್ರದರ್ಶನ ಕಟ್ಟಿದರು. ಸುತ್ತುವರಿದ ಪರದೆಯ ನಡುವೆ ಕನ್ನಡಕ ಹಾಕಿ ನಿಂತರೆ ಕಲ್ಲುಕಂಬಗಳು ತಮ್ಮ ತಮ್ಮ ದೂರದಲ್ಲೇ ನಿಲ್ಲುತ್ತವೆ. ಹಂಪಿ ನಾಳೆಯೂ ಇರುತ್ತದೆ, ಚಾಳ್ ಇರುವುದಿಲ್ಲ. ಇನ್ನೂ ಜನರಿರುವ ಒಂದು ಖೋಲಿ, ಅದರ ಮುಂದಿನ ಕಾರಿಡಾರು, ಇಷ್ಟನ್ನಾದರೂ ಪಾತ್ರೆಪಗಡ ಕಟ್ಟುವ ಮೊದಲೇ ತೆಗೆಯಬೇಕು. ಖಾಲಿಯಾದ ಮೇಲೆ ತೆಗೆದರೆ ಎರಡು ಕಣ್ಣಿಗೂ ಅದು ದೊಡ್ಡದಾಗಿಯೇ ಕಾಣುತ್ತದೆ.