ಸುಗ್ಗಿಗೆ ಮುಂಚೆ ಆಡಬೇಕಾದ ಮಾತು

ಕವಲೇದುರ್ಗದಲ್ಲಿ ಕೆಳದಿ ಅರಸರ ಅರಮನೆಯ ಅವಶೇಷಗಳ ನಡುವೆ ಐದು ಬಾಯಿಯ ಕಲ್ಲೊಲೆಯೊಂದು ಇಂದಿಗೂ ಉಳಿದಿದೆ. ಔರಂಗಜೇಬನ ಕ್ರೋಧಕ್ಕೆ ಅಂಜದೆ 1689ರಲ್ಲಿ ಶಿವಾಜಿಯ ಪುತ್ರ ರಾಜಾರಾಮನಿಗೆ ಆಶ್ರಯವಿತ್ತ, ಸುಮಾರು ಇಪ್ಪತ್ತೈದು ವರ್ಷಕಾಲ ಕೆಳದಿಯ ರಾಜ್ಯವನ್ನಾಳಿದ ಚೆನ್ನಮ್ಮಾಜಿಯ ಧೈರ್ಯವನ್ನು ಈ ಸೀಮೆಯ ಜನ ಅಭಿಮಾನದಿಂದ ಸ್ಮರಿಸುತ್ತಾರೆ. ಆ ಒಲೆಯ ಮುಂದೆ ನಿಂತು ಬೇಯಿಸಿ ಬಡಿಸಿದವರ ಮೈನೋವು ಮನದಾಸೆಗಳ ವಿಷಯದಲ್ಲಿ ಚರಿತ್ರೆ ಒಂದಕ್ಷರವನ್ನೂ ನುಡಿಯದು. ಶರಣಾಗತನಿಗಾಗಿ, ಮಕ್ಕಳಿಗಾಗಿ, ಮನೆತನಕ್ಕಾಗಿ ಹೆಣ್ಣು ಎತ್ತಿದ ದನಿಯನ್ನು ಕೊಂಡಾಡುವ ನಾವು, ಅದೇ ದನಿ ‘ನನಗೆ ಬೇಕು’ ಎಂದೊಡನೆ ಮುಖ ತಿರುಗಿಸುವುದೇಕೆ?

ಅಡಿಕೆ ಸುಗ್ಗಿಯ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಯಾವುದಾದರೊಂದು ಮನೆಯನ್ನು ಹೊಕ್ಕು ನೋಡಿರಿ. ಗೊನೆ ಇಳಿಸುವ ಕೊನೆಗಾರನಿಗೂ ಆಳುಗಳಿಗೂ ಹೊತ್ತುಹೊತ್ತಿಗೆ ತಿಂಡಿ ಕಾಫಿ ಒದಗಿಸಿ, ಕೊಟ್ಟಿಗೆಯ ಕೆಲಸ ತೀರಿಸಿ, ಹಿರಿಯರ ಮಾತ್ರೆಯ ಸಮಯವನ್ನು ನೆನಪಿಟ್ಟು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಗೃಹಿಣಿ, ಏಳುವಾಗ ಒಂದು ಕೈಯನ್ನು ನೆಲಕ್ಕೂರಿ ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ಏಳುತ್ತಾಳೆ. ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಕತ್ತಿ ಮೂಲೆ ಸೇರಿದೆಯಾದರೂ ಒಲೆಯ ಕೆಲಸ ಕಡಿಮೆಯಾಗಿಲ್ಲ. ಗಂಡನ ಮಂಡಿನೋವಿಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಲೇಬೇಕೆಂದು ಹಟ ಹಿಡಿಯುವ ಅವಳೇ, ತನ್ನ ಸೊಂಟದ ಮಾತು ಬಂದಾಗ “ಸುಗ್ಗಿ ಮುಗೀಲಿ, ನೋಡೋಣ” ಎನ್ನುತ್ತಾಳೆ. ಸುಗ್ಗಿ ಮುಗಿಯುವಷ್ಟರಲ್ಲಿ ಹಪ್ಪಳ ಸಂಡಿಗೆಯ ಕಾಲ. ಅದು ತೀರುವುದರೊಳಗೆ ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳ ಆಗಮನ. ಅವರನ್ನು ಕಳುಹಿಸಿದ ಬೆನ್ನಿಗೇ ಮಳೆಗಾಲ.

ಇವಳಿಗೆ ಮಾತು ಬಾರದೆಂದು ತಿಳಿಯುವುದು ತಪ್ಪು. ಮನೆಯವರೆಲ್ಲರ ಅಗತ್ಯಗಳಿಗೆ ಅವಳೇ ವಕೀಲೆ, ತನ್ನದನ್ನು ಮಾತ್ರ ಇನ್ನೊಬ್ಬರ ಮರೆಯಲ್ಲಿಟ್ಟು ಹೇಳುವಳು: “ಮಾವಯ್ಯನ ಔಷಧಿಗೆ ಹೋದಾಗ ನಂದೂ ಒಂಚೂರು ತೋರಿಸ್ಕೊಂಡು ಬರ್ತೀನಿ.” ದೇಶದಲ್ಲಿ 2019ರಲ್ಲಿ ನಡೆದ ಕಾಲಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸಿದರೆ ಪುರುಷರು 97 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಇಷ್ಟು ಹೊತ್ತು ಪರರ ಬೇಕುಬೇಡಗಳಲ್ಲೇ ಮುಳುಗಿರುವವಳಿಗೆ ತನ್ನ ಬೇಕು ಯಾವುದೆಂದು ಗುರುತಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕಾಗುತ್ತದೆ.

ಆ ಅಭ್ಯಾಸಕ್ಕೆ ಮನೆಯ ಹಿರಿಯರ ಒತ್ತಾಸೆಯೂ ಬೇಕು. 1917ರಲ್ಲಿ ಇದೇ ತೀರ್ಥಹಳ್ಳಿಯಲ್ಲಿ ಜನಿಸಿದ ಲೇಖಕಿ ಎಂ.ಕೆ. ಇಂದಿರಾ ಅವರಿಗೆ ಕೆಲವೇ ವರ್ಷಗಳ ಶಾಲೆ, ಎಳವೆಯಲ್ಲೇ ವಿವಾಹ. ಕಾದಂಬರಿ ಬರೆಯತೊಡಗಿದ್ದು ನಲವತ್ತೈದರ ಸುಮಾರಿನಲ್ಲಿ. ಅವರ ‘ಫಣಿಯಮ್ಮ’ ನಿಜವಾಗಿ ಬದುಕಿದ್ದ ಬಾಲವಿಧವೆಯೊಬ್ಬಳ ಚರಿತ್ರೆ. ತನಗಾಗಿ ಏನನ್ನೂ ಬೇಡದೆ ಮನೆತನದ ಸೇವೆಯಲ್ಲಿ ಆಯುಷ್ಯ ಸವೆಸಿದ ಫಣಿಯಮ್ಮ, ಕೇಶಮುಂಡನಕ್ಕೆ ಒಲ್ಲೆನೆಂದ ತರುಣ ವಿಧವೆ ದಾಕ್ಷಾಯಣಿಯ ಪಕ್ಷ ವಹಿಸುತ್ತಾಳೆ. ‘ನಾವೆಲ್ಲ ಸಹಿಸಲಿಲ್ಲವೇ’ ಎನ್ನಬಹುದಾಗಿದ್ದ ಹಿರಿಯಳು ಹಾಗೆನ್ನದೆ ಹೋದದ್ದೇ ಆ ಕೃತಿಯ ಅತ್ಯುನ್ನತ ಘಟ್ಟವೆಂದು ನಾನು ಬಗೆದಿದ್ದೇನೆ. ಇಂದಿನ ಸೊಸೆ ಬಾಯಿ ತೆರೆಯುವುದೂ ಬಹುಮಟ್ಟಿಗೆ ಅತ್ತೆಯ ಇಂಥ ಒಂದು ಮಾತನ್ನೇ ಅವಲಂಬಿಸಿದೆ.

ಮನೆಯ ಹೊರಗೂ ಆಸರೆ ಬೇಕು. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ಸಂಸ್ಥೆಯಲ್ಲಿ ನೇಯುವ, ಬಣ್ಣ ಹಾಕುವ ಹೆಂಗಸರಿಗೆ ಕೂಲಿಯೊಡನೆ, ಮನೆಯ ಹೊರಗೊಂದು ಸಂಗವೂ ದೊರೆಯುತ್ತದೆ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆ ಸಾಲದ ಕಂತಿಗಷ್ಟೇ ಮೀಸಲಾಗದೆ ಸುಖದುಃಖದ ಮಾತಿಗೂ ಎಡೆಮಾಡಬೇಕು. ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ನೀಡುವ ‘ಶಕ್ತಿ’ ಯೋಜನೆ 2023ರಲ್ಲಿ ಬಂದಿತಾದರೂ, ಖಾಸಗಿ ಬಸ್ಸುಗಳನ್ನೇ ನೆಚ್ಚಿದ ಇಲ್ಲಿನ ಎಷ್ಟೋ ಹಳ್ಳಿಗಳಿಗೆ ಅದರ ಪ್ರಯೋಜನ ತಲುಪಿಲ್ಲ; ಆಸ್ಪತ್ರೆಗೆ ಒಬ್ಬಳೇ ಹೋಗಿಬರಲು ಬಸ್ಸಿಲ್ಲದವಳಿಗೆ ಬಾಯಿಬಿಟ್ಟು ಕೇಳೆಂದು ಉಪದೇಶಿಸುವುದು ಅನ್ಯಾಯ.

ಸೇವೆ ಹೀನವಲ್ಲ, ಅದರಿಂದಲೇ ಈ ಮನೆಗಳು ನಿಂತಿವೆ. ಆದರೆ ಕೇಳುವ ಭಾರವನ್ನೆಲ್ಲ ಅವಳ ಮೇಲೆಯೇ ಹೊರಿಸಿ ಮನೆಯವರು ಸುಮ್ಮನಿರುವುದು ಸಲ್ಲದು. ಕೊನೆಗಾರನ ಕೂಲಿ, ಗೊಬ್ಬರ, ಔಷಧಿಗಳ ಲೆಕ್ಕ ಬರೆಯಲು ಈ ಸಲ ಕುಳಿತಾಗ ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಅವಳ ವೈದ್ಯಕೀಯ ತಪಾಸಣೆಯ ದಿನವನ್ನೂ ವಾರದ ವಿರಾಮವನ್ನೂ ಅವಳ ಬಾಯಿಂದಲೇ ಕೇಳಿ, ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿರಿ.