ಮೊದಲು ಕನ್ನಡ ಬಿಡಿಸಿ ಎನ್ನುವವರಿಗೆ

ಡಿಸ್ಲೆಕ್ಸಿಯಾ ಇರುವ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇವೆ ಎಂದು ಹೊರಡುವ ಅಪ್ಪ ಅಮ್ಮನಿಗೆ ನಮ್ಮಲ್ಲಿ ಸಿಗುವ ಮೊದಲ ಸಲಹೆ ಒಂದೇ: 'ಕನ್ನಡ ಬಿಡಿಸಿ. ಒಂದು ಭಾಷೆಯ ಭಾರವೇ ಸಾಕು, ಇಂಗ್ಲಿಷ್ ಇರಲಿ.' ಅದರ ಬೆನ್ನಿಗೇ ಎರಡನೆಯದು: 'ಬಾರ್ಟನ್ ತರಿಸಿ, ಇಲ್ಲವೇ ಆಲ್ ಅಬೌಟ್ ರೀಡಿಂಗ್ ತರಿಸಿ.' ತುಮಕೂರಿನಲ್ಲಿ ಇಂಥ ಮಕ್ಕಳಿಗೆ ಮನೆಪಾಠ ಹೇಳುವ ನಾನು ಈ ಮಾತನ್ನು ಗುಬ್ಬಿಯಿಂದ ಬಂದವರ ಬಾಯಲ್ಲೂ ಕೇಳಿದ್ದೇನೆ, ಕುಣಿಗಲ್‌ನಿಂದ ಬಂದವರ ಬಾಯಲ್ಲೂ ಕೇಳಿದ್ದೇನೆ. ಸಲಹೆ ಕೊಟ್ಟವರು ಬೇರೆ ಬೇರೆ, ಮಾತು ಮಾತ್ರ ಒಂದೇ ಅಚ್ಚಿನದು. ಅದನ್ನು ನಾನು ಒಪ್ಪುವುದಿಲ್ಲ.

ಆ ಅಮೆರಿಕದ ಪೆಟ್ಟಿಗೆಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಅವುಗಳ ಹಿಂದಿರುವುದು 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರೂ ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ ಕಟ್ಟಿದ ಕ್ರಮ. ಒಂದೊಂದೇ ಧ್ವನಿ, ಅದಕ್ಕೊಂದು ಗುರುತು, ಕಣ್ಣು ಕಿವಿ ಕೈ ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಸೊಗಸಾದ ಕ್ರಮ. ಆದರೆ ಅದು ಹುಟ್ಟಿನಿಂದ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೆ ಮಾಡಿದ್ದು. 'ಫಿಗ್', 'ವಿಗ್' ಎಂಬ ಪದ ಆ ಮಗುವಿನ ಕಿವಿಯಲ್ಲಿ ಆಗಲೇ ಇದೆ, ಗೊತ್ತಿಲ್ಲದಿರುವುದು ಅಕ್ಷರ ಮಾತ್ರ. ಗುಬ್ಬಿಯ ಹುಡುಗನಿಗೆ ಅಕ್ಷರವೂ ಹೊಸದು, ಪದವೂ ಹೊಸದು, ಅರ್ಥವೂ ಹೊಸದು. ಇಂಗ್ಲಿಷಿನಲ್ಲಿ 'ಒದ್ದೆ' ಎನ್ನುವ ಪದಕ್ಕೂ 'ದನದ ಡಾಕ್ಟರು' ಎನ್ನುವ ಪದಕ್ಕೂ ನಮ್ಮ ಬಾಯಲ್ಲಿ ಉಚ್ಚಾರ ಒಂದೇ: ವೆಟ್. ಅವೆರಡರ ವ್ಯತ್ಯಾಸವನ್ನು ಕಿವಿಯಿಂದಲೇ ಹಿಡಿ ಎಂದು, ಮೊದಲೇ ಧ್ವನಿ ಬಿಡಿಸಲು ಒದ್ದಾಡುವ ಮಗುವಿಗೆ ಹೇಳಿದರೆ ಅದು ಪಾಠವೋ ಶಿಕ್ಷೆಯೋ?

ಇಂಗ್ಲಿಷ್ ಓದು ಕಲಿಯಲು ಕಷ್ಟದ ಭಾಷೆ ಎನ್ನುವುದು ಕನ್ನಡಾಭಿಮಾನದ ಮಾತಲ್ಲ. 2003ರಲ್ಲಿ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿದಾಗ ಎಲ್ಲರಿಗಿಂತ ಹಿಂದೆ ಉಳಿದದ್ದು ಇಂಗ್ಲಿಷ್ ಕಲಿಯುವ ಮಕ್ಕಳು. ಅದಕ್ಕೂ ಎರಡು ವರ್ಷ ಮುಂಚೆ ಪಾವ್ಲೆಸು ಮತ್ತವರ ತಂಡ ಇಟಲಿ, ಫ್ರಾನ್ಸ್, ಬ್ರಿಟನ್ನಿನ ಡಿಸ್ಲೆಕ್ಸಿಯಾ ಇದ್ದ ವಯಸ್ಕರನ್ನು ಪರೀಕ್ಷಿಸಿತ್ತು. ಮೆದುಳಿನಲ್ಲಿ ಕಂಡ ತೊಡಕು ಮೂವರಲ್ಲೂ ಒಂದೇ. ಓದಿನಲ್ಲಿ ಮಾತ್ರ ಇಟಲಿಯವರು ಮುಂದೆ. ಇಟಾಲಿಯನ್ನಿನಲ್ಲಿ ಬರೆದಂತೆ ಓದಿದರೆ ಆಯಿತು. ಕನ್ನಡದಲ್ಲೂ ಬಹುಮಟ್ಟಿಗೆ ಹಾಗೆಯೇ.

ಹಾಗೆಂದು ಕನ್ನಡ ಲಿಪಿ ಸಕ್ಕರೆ ಅಚ್ಚಲ್ಲ. 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತಕ್ಷರ. ದ, ಧ, ಥ ಅಕ್ಕತಂಗಿಯರಂತೆ ಕಾಣುತ್ತವೆ. ಪ, ಷ, ಫ ಕೂಡ. 'ಸೂರ್ಯ' ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಬರೆಯುವಾಗ ಅರ್ಕಾವೊತ್ತು ಕೊನೆಗೆ ಬರುತ್ತದೆ. ಈ ಹುಡುಗರು ಅಲ್ಲಿ ಮುಗ್ಗರಿಸದಿದ್ದರೆ ಆಶ್ಚರ್ಯ. ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ ವರ್ಷಗಟ್ಟಲೆ ಮಾಡಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಯಾವ ತೊಡಕೂ ಇಲ್ಲದ ಮಕ್ಕಳಿಗೂ ಅಕ್ಷರಗಳೆಲ್ಲ ಕೈಗೆ ಬರಲು ನಾಲ್ಕೈದು ವರ್ಷ ಬೇಕು. ಹಾಗಿರುವಾಗ ಎರಡನೇ ತರಗತಿಯಲ್ಲೇ ಗಾಬರಿಬಿದ್ದು ಕನ್ನಡ ಬಿಡಿಸುವುದು ಎಂಥ ಅವಸರ!

ಬಿಡಿಸಲು ಕಾನೂನಿನ ಆಸರೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನು ಪಟ್ಟಿಗೆ ಸೇರಿಸಿತು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯ ಮಾತನ್ನೂ ಹೇಳಿತು. ಒಳ್ಳೆಯದೇ. ಆದರೆ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಎರಡನೆಯ ಭಾಷೆ ಯಾವುದು? ಮನೆಯಲ್ಲಿ ಅಜ್ಜಿಯ ಜೊತೆ ಆಡುವ ಮಾತೇ ಅಲ್ಲವೇ? ಮಗುವಿಗೆ ಸುಲಭವಾಗಲಿ ಎಂದು ಕೊಟ್ಟ ರಿಯಾಯಿತಿ ಅದಕ್ಕೆ ಅತಿ ಸುಲಭವಾದದ್ದನ್ನೇ ಕಿತ್ತುಕೊಳ್ಳುತ್ತದೆ. ಮನೆಪಾಠಕ್ಕೆ ಕೂತ ಮೇಲೂ ಅದೇ ರಿಯಾಯಿತಿಯನ್ನು ಹಿಡಿದುಕೊಂಡಿರಬೇಕೆಂದು ಯಾರು ಹೇಳಿದರು?

ಹಾಗಾದರೆ ಯಾವ ಪಠ್ಯಕ್ರಮ ಎಂದು ಕೇಳುತ್ತೀರಿ. ನನ್ನ ಉತ್ತರ ಕೇಳಿ ಅನೇಕರು ಮುಖ ಸಿಂಡರಿಸುತ್ತಾರೆ: ನಲಿಕಲಿ. ಹೌದು, ಸರ್ಕಾರಿ ಶಾಲೆಯದ್ದೇ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಕ್ರಮದಲ್ಲಿ ಅ, ಆ, ಇ, ಈ ಎಂದು ಮೊದಲಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರು. ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಓದಿಬಿಡಬಹುದು. ದಕಾರ ಗಟ್ಟಿಯಾಗಿ ಎಷ್ಟೋ ದಿನದ ಮೇಲೆ ಧಕಾರ ಬರುತ್ತದೆ. ಕಾರ್ಡುಗಳ ಮೆಟ್ಟಿಲು, ಮಗು ತನ್ನ ಮೆಟ್ಟಿಲಿನಲ್ಲಿ ತಾನಿರುತ್ತದೆ, ಪಕ್ಕದವನು ಎಲ್ಲಿದ್ದಾನೆ ಎಂಬ ಗೊಡವೆಯಿಲ್ಲ. ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ್ದಲ್ಲ, ಮೂರನೇ ತರಗತಿಗೆ ನಿಂತುಬಿಡುತ್ತದೆ, ಒತ್ತಕ್ಷರಕ್ಕೆ ನಾವೇ ಹೆಚ್ಚು ಕಾರ್ಡು ಮಾಡಿಕೊಳ್ಳಬೇಕು. ಆದರೂ ಬುನಾದಿ ಇದೇ. ಮರಳಿನ ತಟ್ಟೆಯನ್ನು ಡಾಲರು ಕೊಟ್ಟು ತರಿಸಬೇಕಿಲ್ಲ. ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ತಿದ್ದಿಸಿ. ನಮ್ಮ ಕೂಲಿಮಠಗಳಲ್ಲಿ ಮರಳ ಮೇಲೇ ತಿದ್ದಿಸುತ್ತಿದ್ದರು. (ಬೆತ್ತವೂ ಇತ್ತು, ಅದನ್ನು ಮಾತ್ರ ಮರಳಿ ತರುವುದು ಬೇಡ.)

ಪೆಟ್ಟಿಗೆ ಕೊಳ್ಳುವವರ ಇನ್ನೊಂದು ಭ್ರಮೆ 'ಮೂರನೇ ಕ್ಲಾಸಿನ ಸೆಟ್'. ಕುಣಿಗಲ್‌ನ ಒಂದು ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ನನ್ನ ಬಳಿ ಕಲಿಯುತ್ತಾರೆ. ಅಣ್ಣ ಓದಿನಲ್ಲಿ ಎರಡನೇ ತರಗತಿ, ಬಾಯಿಲೆಕ್ಕದಲ್ಲಿ ಆರನೆಯದು. ತಂಗಿ ಗಡಗಡ ಓದುತ್ತಾಳೆ. ಕಾಯಿ ಎಣಿಸುವಾಗ ಇಪ್ಪತ್ತು ದಾಟಿದರೆ ದಾರಿ ತಪ್ಪುತ್ತಾಳೆ. ಇವರಿಬ್ಬರಿಗೆ ಯಾವ ಸೆಟ್ ತರಿಸುತ್ತೀರಿ? ವಿಷಯಕ್ಕೊಂದು ತರಗತಿ, ಮಗುವಿಗೊಂದು ವೇಗ. ಅಣ್ಣನ ವಿಜ್ಞಾನವನ್ನು ತಂಗಿ ಓದಿ ಹೇಳುತ್ತಾಳೆ, ಅವನು ಕೇಳಿ ಉತ್ತರ ಹೇಳುತ್ತಾನೆ. ಓದಲು ಬಾರದ್ದಕ್ಕೆ ತಿಳಿವಳಿಕೆಯನ್ನೂ ತಡೆಹಿಡಿಯುವುದು ಯಾವ ನ್ಯಾಯ? ಅವನಿಗೆ ಓದಲು ಕೊಡುವುದು ಅವನಿಗಾಗಲೇ ಬಾಯಿಗೆ ಬರುವ ಕುಣಿಗಲ್ ಕೆರೆಯ ಪದ. ಮುಂದೇನು ಬರುತ್ತದೆ ಎಂದು ಕಿವಿಗೆ ಗೊತ್ತಿರುವುದರಿಂದ ಕಣ್ಣಿಗೆ ಧೈರ್ಯ ಬರುತ್ತದೆ.

ಗುಬ್ಬಿಯವರಿಗೆ ನಾನು ಅವರ ಊರಿನ ಕಂಪನಿಯನ್ನು ನೆನಪಿಸುತ್ತೇನೆ. 1884ರಲ್ಲಿ ಹುಟ್ಟಿದ ಆ ನಾಟಕ ಸಂಘದಲ್ಲಿ ಹುಡುಗರು ಮಾತು, ಮಟ್ಟು, ನಡೆ ಎಲ್ಲವನ್ನೂ ಕೇಳಿ ನೋಡಿ ಕಲಿತರು. ಶಾಲೆಯನ್ನು ಬೇಗ ಬಿಟ್ಟ ರಾಜ್‌ಕುಮಾರ್ ಅಲ್ಲಿದ್ದರು. ಹುಡುಗನಾಗಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಮುಂದೆ ಕಾಶಿಗೆ ಎಂ.ಎ. ಓದಲು ಕಳಿಸಿದರು. ಇವರಿಗೆಲ್ಲ ಡಿಸ್ಲೆಕ್ಸಿಯಾ ಇತ್ತು ಎನ್ನುವ ಅಗ್ಗದ ಆಟ ನನಗೆ ಬೇಡ. ಕಿವಿಯಿಂದ ಕಲಿತದ್ದೂ ಕಲಿಕೆಯೇ, ಅಷ್ಟೇ.

ಇಂಗ್ಲಿಷ್ ಬೇಡವೇ ಎಂದರೆ, ಬೇಕು. ಮಾತಾಗಿ ಮೊದಲ ದಿನದಿಂದಲೇ ಬರಲಿ. ಓದಾಗಿ, ಕನ್ನಡದಲ್ಲಿ ಒಂದು ಪುಟ ತಡವರಿಸದೆ ಓದಿದ ಮೇಲೆ ಬರಲಿ. ಆಗ ಬೇಕಾದರೆ ಆ ಪೆಟ್ಟಿಗೆಯನ್ನೂ ತೆರೆಯಿರಿ.

ಇದೆಲ್ಲ ಮಾಡಲು ಮನೆಯಲ್ಲೊಬ್ಬರು ಇರಬೇಕು, ಆ ಒಬ್ಬರು ಬಹುತೇಕ ಕೆಲಸ ಬಿಟ್ಟ ತಾಯಿಯೇ ಎಂಬುದನ್ನು ಮುಚ್ಚಿಡುವುದಿಲ್ಲ. 2012ರ ತಿದ್ದುಪಡಿಯ ನಂತರ ಶಿಕ್ಷಣ ಹಕ್ಕು ಕಾಯ್ದೆ ಗೃಹಾಧಾರಿತ ಶಿಕ್ಷಣದ ಅವಕಾಶ ಕೊಟ್ಟಿರುವುದು ತೀವ್ರ ಮತ್ತು ಬಹುವಿಧ ವೈಕಲ್ಯದ ಮಕ್ಕಳಿಗೆ. ಡಿಸ್ಲೆಕ್ಸಿಯಾದ ಮಗುವಿನ ಮನೆಗೆ ಯಾವ ಮೇಷ್ಟ್ರೂ ಬರುವುದಿಲ್ಲ.

ಕೊನೆಗೆ ಪರೀಕ್ಷೆಯ ಭಯ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದವರು ಹತ್ತನೆಯದಕ್ಕೆ ಸೇರಬಹುದು. ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಐದರಲ್ಲಿ ಒಂದಾದರೂ ಭಾಷೆ ಇರಬೇಕು. ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡವೂ ಇದೆ.